ಕುಂಕುಮ ಇಟ್ಟಿದ್ದ ಸೋಲಾರ್ ಟ್ಯಾಂಕು

ತಾರಸಿಯ ಮೇಲೆ ಸೋಲಾರ್ ಗೀಸರ್ ಇಲ್ಲದಿದ್ದರೆ ಹೊಸ ಮನೆಗೆ ಕರೆಂಟ್ ಇಲ್ಲ ಎಂಬ ನಿಯಮ ಬಂದ ಕಾಲ ಅದು. ವಿದ್ಯುತ್ ಕಚೇರಿಯ ಪರವಾಗಿ ಮನೆಮನೆಯ ತಾರಸಿ ಹತ್ತಿ, ಟ್ಯಾಂಕು ನೋಡಿ, ಫಾರಮ್ಮಿಗೆ ರುಜು ಹಾಕುವುದು ನನ್ನ ಕೆಲಸ. ಬಿಸಿಲಿನಿಂದ ದೇಶ ಉದ್ಧಾರವಾಗುತ್ತದೆ ಎಂದು ನಂಬಿದ್ದೆ. ನಗಬೇಡಿ, ನಿಜವಾಗಿಯೂ ನಂಬಿದ್ದೆ.

ಮಹದೇವಪುರದಲ್ಲಿ ಹೊಲವಿದ್ದ ಜಾಗದಲ್ಲೇ ಮನೆ ಕಟ್ಟಿಸಿದ್ದ ಹೆಂಗಸೊಬ್ಬರು ನನಗಿಂತ ಮೊದಲೇ ತಾರಸಿ ಹತ್ತಿ ನಿಂತಿದ್ದರು. ಟ್ಯಾಂಕಿಗೆ ಅರಿಶಿನ ಬಳಿದು, ಕುಂಕುಮದಲ್ಲಿ ಮೂರು ಬೊಟ್ಟಿಟ್ಟು, ಸೇವಂತಿಗೆ ಮುಡಿಸಿದ್ದರು.

"ನಮ್ಮೆಜಮಾನ್ರಿಗೆ ಲಕ್ವ ಹೊಡ್ದೈತೆ ಸಾರ್. ದಿನಾ ಬಿಸ್ನೀರು ಹುಯ್ದು ಕಾಲು ನೀವ್ಬೇಕಂತೆ. ಇನ್ಮೇಲೆ ಒಲೆ ಊದೋದು ತಪ್ತು," ಎಂದರು. ರುಜು ಹಾಕಿ, ಅವರು ಕೊಟ್ಟ ಕಾಫಿ ಕುಡಿದು ಬಂದೆ.

ಎರಡು ವಾರ ಬಿಟ್ಟು ಲಿಂಗರಾಜಪುರದ ಒಂದು ತಾರಸಿ ಹತ್ತಿದರೆ ಅದೇ ಅರಿಶಿನ, ಅದೇ ಮೂರು ಬೊಟ್ಟು! ಎರಡೂ ಮನೆಗೆ ಕಂಟ್ರಾಕ್ಟರ್ ಒಬ್ಬನೇ. ತಪಾಸಣೆಗೆ ತೋರಿಸಲು ಒಂದೇ ಟ್ಯಾಂಕನ್ನು ಟೆಂಪೋದಲ್ಲಿ ಮನೆಯಿಂದ ಮನೆಗೆ ಸಾಗಿಸುತ್ತಿದ್ದ.

"ಏನ್ರೀ ಇದು?" ಎಂದೆ, ಪಕ್ಕದಲ್ಲೇ ನಿಂತಿದ್ದ ಅವನಿಗೆ.

"ನೀವು ನೋಡ್ಬೇಕು ಅಂತ ತಾನೇ ರೂಲ್ಸು? ತೋರ್ಸಿದೀನಿ. ಆಯಮ್ಮಂಗೆ ಸರ್ವೀಸಿಗೆ ಅಂತ ಹೇಳಿ ತಂದೆ. ಬೇರೆದು ಹಾಕ್ಕೊಡ್ತೀನಿ ಬಿಡಿ ಸಾರ್," ಎಂದ, ಅದೂ ನಗುತ್ತಾ.

ಮೇಲಧಿಕಾರಿಗೆ ಫೋನ್ ಮಾಡಿದೆ. "ಈ ತಿಂಗಳ ಟಾರ್ಗೆಟ್ಟೇ ಮುಗ್ದಿಲ್ಲ, ತಲೆ ತಿನ್ಬೇಡಿ. ಕಣ್ಣಿಗೆ ಟ್ಯಾಂಕ್ ಕಾಣ್ತಿದ್ಯೋ ಇಲ್ವೋ?" ಎಂದರು. ಕಾಣುತ್ತಿತ್ತು. ರುಜು ಹಾಕಿದೆ. ಥೂ, ನನ್ನ ಜನ್ಮಕ್ಕಿಷ್ಟು! ಆ ಒಂದೇ ಟ್ಯಾಂಕು ವರ್ಷದ ವರದಿಯಲ್ಲಿ ಎಷ್ಟು ಮನೆಗಳ ಲೆಕ್ಕಕ್ಕೆ ಸೇರಿತೋ, ಕೇಳುವ ಧೈರ್ಯವೂ ನನಗಾಗಲಿಲ್ಲ.

ಮಳೆಗಾಲದ ಹೊತ್ತಿಗೆ ಮಹದೇವಪುರದ ಆ ಹೆಂಗಸು ದೂರು ಬರೆಸಿಕೊಂಡು ಕಚೇರಿಗೆ ಬಂದರು. ಬೇರೆ ಟ್ಯಾಂಕು ಬಂದಿರಲಿಲ್ಲ, ಕಂಟ್ರಾಕ್ಟರ್ ಫೋನೇ ಎತ್ತುತ್ತಿರಲಿಲ್ಲ. ಗುಮಾಸ್ತ ಕಡತ ತೆಗೆದು, "ನಿಮ್ಮನೇಲಿ ಸೋಲಾರ್ ಇದ್ಯಲ್ಲಮ್ಮಾ, ಇಲ್ನೋಡಿ, ಈ ಸಾರೇ ಸೈನ್ ಹಾಕಿದಾರೆ. ದೂರು ತಗೊಳೋಕಾಗಲ್ಲ," ಎಂದು ಕಾಗದ ವಾಪಸು ಕೊಟ್ಟ.

ಅವರು ನನ್ನತ್ತ ತಿರುಗಿದರು. ನಿಜ ಹೇಳಿದರೆ ಲಿಂಗರಾಜಪುರದ ರುಜುವೂ ಬಯಲಾಗುತ್ತಿತ್ತು, ನನ್ನ ಕೆಲಸಕ್ಕೇ ಸಂಚಕಾರ. "ನಾನು ನೋಡಿದಾಗ ಇತ್ತಮ್ಮಾ," ಎಂದೆ.

"ಊಂ ಸಾರ್, ಇತ್ತು. ನೀವಾದ್ರೂ ನೋಡಿದೀರಲ್ಲ," ಎಂದರು. ಮುಖದಲ್ಲಿ ನನ್ನ ಮೇಲೆ ಅನುಮಾನದ ಸುಳಿವೂ ಇರಲಿಲ್ಲ. "ಮೂರು ಬೊಟ್ಟು ಇಟ್ಟಿದೀನಿ, ಗುರ್ತು ಸಿಕ್ತದೆ. ಊರೆಲ್ಲಾ ಸುತ್ತೋರು ನೀವು, ಎಲ್ಲಾದ್ರೂ ಕಂಡ್ರೆ ಒಂದ್ ಮಾತು ಹೇಳಿ ಸಾರ್."

ಆಗಲಮ್ಮಾ, ಎಂದೆ.