ಅರಿಶಿನ ಹಚ್ಚಿದ ನರ

ಆಡಿನ ಹಿಂಗಾಲಿನಲ್ಲಿ ಮಾಂಸವನ್ನು ಮೂಳೆಗೆ ಬಿಗಿಯುವ ಗಟ್ಟಿ ನರವನ್ನು ಎಳೆದರೆ ಎಷ್ಟು ಹಿಗ್ಗುತ್ತದೆ, ಎಲ್ಲಿಂದ ಬಿಗಿಯಾಗುತ್ತದೆ ಎಂದು ಮೊದಲೇ ಹೇಳುವ ಸಮೀಕರಣ ಕಟ್ಟುವುದು ಹಾಸನದ ಕಾಲೇಜಿನಲ್ಲಿ ನನ್ನ ಪಿಎಚ್‌ಡಿ ಕೆಲಸ. ಯಂತ್ರದಲ್ಲಿ ಎಳೆದಾಗ ಗ್ರಾಫಿನಲ್ಲಿ ಬರುವ ಗೆರೆಯೂ ನನ್ನ ಸಮೀಕರಣದ ಗೆರೆಯೂ ಒಂದರ ಮೇಲೊಂದು ಕೂರುತ್ತಲೇ ಇರಲಿಲ್ಲ.

"ಮಂಗಳವಾರ ಕೊನೇ ಸಲ ನೋಡೋಣ. ಕೂರದಿದ್ರೆ ವಿಷಯ ಬದಲಿಸಿ, ಕಬ್ಬಿಣ ಗಿಬ್ಬಿಣ ತಗೊಳ್ಳಿ," ಎಂದರು ಗೈಡ್.

ಕಬ್ಬಿಣವನ್ನು ಊರೆಲ್ಲ ಎಳೆದು ನೋಡಿಯಾಗಿದೆ. ನನಗೆ ಮೈಯೊಳಗಿನದೇ ಬೇಕಿತ್ತು.

ಭಾನುವಾರ ನಮ್ಮೂರು ಹೊಳೆನರಸೀಪುರದ ಮಟನ್ ಅಂಗಡಿಯಿಂದ ನರ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮನೆಯ ಫ್ರಿಜ್ಜಿನಲ್ಲಿಟ್ಟೆ. ಸೋಮವಾರ ತೆಗೆದರೆ ಬಟ್ಟೆಯೆಲ್ಲ ಹಳದಿ. ಮಾಂಸ ಅಂತ ಏನೇ ಬಂದರೂ ಅರಿಶಿನ ಉಪ್ಪು ಸವರಿಯೇ ಇಡುವುದು ನಮ್ಮಲ್ಲಿ ರೂಢಿ. ಅಮ್ಮ ಇದನ್ನೂ ಬಿಟ್ಟಿರಲಿಲ್ಲ.

"ಅಂಗೇ ಇಟ್ರೆ ಕೆಟ್ಟೋಗಲ್ವಾ? ನಿನ್ಗೇ ಒಳ್ಳೇದಾಗ್ಲಿ ಅಂತ ಮಾಡ್ದೆ ಕಣವ್ವ."

ಉಪ್ಪು ನೀರೆಳೆದು ನರ ಸೆಟೆದುಕೊಂಡಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಸೋಮವಾರ ನಮ್ಮ ಕಡೆ ಮಾಂಸ ಮುಟ್ಟುವವರಿಲ್ಲ, ಅಂಗಡಿ ಬಂದ್. ಮಂಗಳವಾರ ಅದು ತೆರೆಯುವ ಹೊತ್ತಿಗೆ ನಾನು ಹಾಸನದ ಬಸ್ಸಿನಲ್ಲಿರಬೇಕು. ಆಗ ನೆನಪಾಯಿತು: ಮಂಗಳವಾರ ಹಳ್ಳಿಮೈಸೂರಿನ ಚಿಕ್ಕಪ್ಪನ ಮನೆಯಲ್ಲಿ ಮದುವೆ ನಂತರದ ಬೀಗರ ಊಟ. ಬೆಳಗಿನ ಜಾವಕ್ಕೇ ಆಡು ಕಡಿಯುತ್ತಾರೆ.

ಸೋಮವಾರ ಸಂಜೆಯೇ ಹೋಗಿ ಅಲ್ಲಿ ಉಳಿದೆ. ಬೆಳಿಗ್ಗೆ ಪಾತ್ರೆಗಳ ನಡುವೆ ನಿಂತು ಹಿಂಗಾಲಿನ ನರ ಕೇಳಿದರೆ ಚಿಕ್ಕಪ್ಪ ಹುಬ್ಬೇರಿಸಿದರು.

"ಬೀಗ್ರ ಪಾಲಿಂದು ನೀನು ಒತ್ಕೊಂಡ್ ಓದ್ರೆ ಅವ್ರು ಏನಂದ್ಕತ್ತಾರೆ?"

"ಬೇಯದ ನರ ಚಿಕ್ಕಪ್ಪ. ಬೀಗರ ಹಲ್ಲು ಉಳಿಯುತ್ತೆ, ಬಿಡಿ."

ನಕ್ಕು ಕೊಡಿಸಿದರು. ಊಟಕ್ಕೆ ನಿಲ್ಲಲಿಲ್ಲವೆಂದು ಚಿಕ್ಕಮ್ಮ ಮುಖ ಊದಿಸಿಕೊಂಡರು. ನಾನು ಬಸ್ ಹತ್ತಿದೆ.

ಕಾಲೇಜು ತೆರೆದ ಕೂಡಲೇ ಗೈಡ್ ಎದುರೇ ನರವನ್ನು ಯಂತ್ರಕ್ಕೆ ಕಚ್ಚಿಸಿ ನಿಧಾನವಾಗಿ ಎಳೆದೆ. ಗೆರೆಗಳು ಸ್ವಲ್ಪ ದೂರ ಜೊತೆಯಾಗಿ ಹೋದವು. ನರ ಬಿಗಿಯಾಗತೊಡಗಿದಲ್ಲಿ, ಯಾವಾಗಲೂ ಅಗಲುತ್ತಿದ್ದ ಜಾಗದಲ್ಲೇ, ಅಗಲಿದವು. ಬೈಯಲು ಈ ಸಲ ಉಪ್ಪೂ ಇರಲಿಲ್ಲ, ಅಮ್ಮನೂ ಇರಲಿಲ್ಲ. ಕಣ್ಣು ತುಂಬಿ ಬಂತು.

"ಆಯ್ತಲ್ಲ?" ಎಂದರು ಗೈಡ್.

ಆ ಗೆರೆಯನ್ನೇ ದಿಟ್ಟಿಸಿದೆ. ಪ್ರತಿ ಸಲ ಅದೇ ಜಾಗದಲ್ಲಿ ಅಗಲುತ್ತಿದೆ ಎಂದರೆ ನರ ಒಂದೇ ಮಾತು ಹೇಳುತ್ತಿದೆ. ಒಳಗಿನ ಎಳೆಗಳೆಲ್ಲ ಒಟ್ಟಿಗೇ ಬಿಗಿಯಾಗುತ್ತವೆಂದು ನಾನು ಲೆಕ್ಕ ಹಾಕಿದ್ದೆ. ಅವು ಒಂದಾದ ಮೇಲೊಂದು ಬಿಗಿಯಾಗುತ್ತಿದ್ದವು.

"ವಿಷಯ ಇದೇ ಇರ್ಲಿ ಸರ್. ಸಮೀಕರಣ ಮೊದಲಿಂದ ಬರೀತೀನಿ."

"ಎಷ್ಟು ದಿನ ಅಂತ ಬರೀತೀರಿ?"

"ಗೆರೆ ಕೂರೋವರೆಗೂ," ಎಂದು ಕುರ್ಚಿ ಎಳೆದುಕೊಂಡು ಅಲ್ಲೇ ಕೂತೆ.