ಬಿ.ಎ. ಕೃಷ್ಣಪ್ಪನವರ ನಾಲ್ಕು ಬೆರಳು

ನಾನು ಓದು ನಿಲ್ಲಿಸಿದ್ದು 1979ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ಅಪ್ಪ ತೀರಿಕೊಂಡಿದ್ದರು. ತಂಗಿ ಮಂಜುಳ ಇನ್ನೂ ತೊಟ್ಟಿಲಲ್ಲಿದ್ದಳು. ಶಿವಾಜಿನಗರದಲ್ಲಿ ಫರ್ನಿಚರ್ ಪಾಲಿಶ್ ಮಾಡುವ ಒಬ್ಬ ಉಸ್ತಾದರ ಹತ್ತಿರ ಕೆಲಸಕ್ಕೆ ಸೇರಿದೆ. ಮೊದಲ ದಿನದ ಕೆಲಸ ಅರಗು ಸೋಸುವುದು. ಸ್ಪಿರಿಟ್ಟಿನಲ್ಲಿ ನೆನೆಹಾಕಿ ಕರಗಿಸಿದ ಕಚ್ಚಾ ಅರಗನ್ನು ಹಳೇ ಪಂಚೆಯ ತುಂಡಿನಲ್ಲಿ ಹಿಂಡಬೇಕು. ಹಿಂಡಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ನೋಡಿ ನನಗೆ ವಾಂತಿ ಬಂತು. ಸಣ್ಣ ಸಣ್ಣ ಕಾಲು, ರೆಕ್ಕೆ, ಹುಳದ ಸಿಪ್ಪೆ. ಉಸ್ತಾದ್ ನಕ್ಕು, "ಕೀಡೇ ಕಾ ಥೂಕ್ ಹೈ ರೇ, ಇಸೀಚ್ ಸೇ ತೇರಾ ಪೇಟ್ ಭರ್ನಾ ಹೈ" ಅಂದರು. ಹುಳದ ಉಗುಳು ಕಣೋ, ಇದರಿಂದಲೇ ನಿನ್ನ ಹೊಟ್ಟೆ ತುಂಬಬೇಕು ಅಂತ. ತುಂಬಿತು. ಯಾರ ಮುಂದೆಯೂ ಕೈ ಒಡ್ಡದೆ ತುಂಬಿತು. ಇಪ್ಪತ್ತು ವರ್ಷ ಉಜ್ಜಿದ ಮೇಲೆ ಹಲಸೂರಿನಲ್ಲಿ ನನ್ನದೇ ಅಂಗಡಿ ಇಟ್ಟೆ. ನಾನು ಪಾಲಿಶ್ ಹಾಕಿದ ಟೇಬಲ್ ಮೇಲೆ ಬಗ್ಗಿ ನೋಡಿದರೆ ಮೀಸೆ ತಿದ್ದಿಕೊಳ್ಳಬಹುದು.

ಆದರೆ ನಾನು ಬರೆಯಲು ಕೂತಿರುವುದು ಬಿ.ಎ. ಕೃಷ್ಣಪ್ಪನವರ ಬಗ್ಗೆ. ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಬಲಗೈ. ಹೆಬ್ಬೆರಳನ್ನು ಅಂಗೈಗೆ ಒತ್ತಿಕೊಂಡು ಉಳಿದ ನಾಲ್ಕು ಬೆರಳನ್ನು ಮುಖದ ಮುಂದೆ ನೆಟ್ಟಗೆ ನಿಲ್ಲಿಸುತ್ತಿದ್ದರು. ಕಿರುಬೆರಳಿನ ಉಗುರು ಬೇಕೆಂದೇ ಬೆಳೆಸಿದ್ದು. ಕಿವಿ ಕೆರೆಯುವುದಕ್ಕೂ ಅದೇ, ಹಲ್ಲುಸಂದಿಯ ಕಡಲೆಕಾಯಿ ಚೂರು ತೆಗೆಯುವುದಕ್ಕೂ ಅದೇ. ಟಿವಿಯಲ್ಲಿ ಕ್ವಿಜ್ ಪ್ರಶ್ನೆ ಬಂದು, ಕೆಳಗೆ ನಾಲ್ಕು ಉತ್ತರ ಮೂಡಿದ ಕೂಡಲೇ ಆ ನಾಲ್ಕು ಬೆರಳು ಏಳುತ್ತಿದ್ದವು. ತಪ್ಪು ಉತ್ತರಗಳನ್ನು ತೆಗೆದುಹಾಕುತ್ತ ಒಂದೊಂದೇ ಬೆರಳು ಮಡಿಸಿ, ಕೊನೆಗೆ ಉಳಿದ ಬೆರಳನ್ನು ಟಿವಿಯ ಕಡೆ ಚಾಚಿ, "ಇದೇ. ಬರ್ಕೋ" ಅನ್ನುತ್ತಿದ್ದರು. ನೇರವಾಗಿ ಉತ್ತರ ಹೇಳಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಉಳಿದ ಮೂರು ಯಾಕೆ ತಪ್ಪು ಅಂತ ವಿವರಿಸದೆ ಅವರ ಬಾಯಿಂದ ನಾಲ್ಕನೆಯದು ಹೊರಡುತ್ತಿರಲಿಲ್ಲ.

ಹೆಸರಿನ ಮುಂದಿನ ಬಿ.ಎ. ಇನಿಷಿಯಲ್ ಅಲ್ಲ, ಡಿಗ್ರಿ. ಕೆ.ಆರ್. ಪುರದ ಆಚೆ ನಮ್ಮಪ್ಪನ ಹಳ್ಳಿಯಲ್ಲಿ ಮೊದಲು ಬಿ.ಎ. ಪಾಸು ಮಾಡಿದವರು ಅವರು. ಊರವರು ಹೆಸರಿಗೇ ಅದನ್ನು ಹೊಲಿದುಬಿಟ್ಟರು. ಸರ್ಕಾರಿ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿ, ಹಲಸೂರಿನಲ್ಲಿ ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ ಮನೆ ಮಾಡಿದ್ದರು. ಇಷ್ಟೆಲ್ಲ ಆದಮೇಲೂ ಅವರ ಬಗ್ಗೆ ಬರೆಯುವಾಗ ನನ್ನ ಕೈ ಬಹುವಚನವನ್ನೇ ಬರೆಯುತ್ತಿದೆ. ಚಿಕ್ಕಂದಿನಿಂದ ಬಗ್ಗಿದ ಬೆನ್ನು, ಅಷ್ಟು ಬೇಗ ನೆಟ್ಟಗಾಗುವುದಿಲ್ಲ.

ಅಂಗಡಿಯಲ್ಲಿ ನಾನು ಒಂದು ಹಳೇ ಕಲರ್ ಟಿವಿ ಇಟ್ಟಿದ್ದೆ. ಕನ್ನಡ ಚಾನೆಲ್ಲೊಂದರಲ್ಲಿ ವಾರಕ್ಕೆ ನಾಲ್ಕು ದಿನ ಸಂಜೆ ಏಳೂವರೆಗೆ ಕ್ವಿಜ್ ಬರುತ್ತಿತ್ತು. ಆ ಹೊತ್ತಿಗೆ ಬೀದಿಯ ಹತ್ತಾರು ಜನ ಬಂದು, ಯಾರ್ಯಾರದೋ ಮನೆಗೆ ಹೋಗಬೇಕಾದ ಸೋಫಾ, ಕುರ್ಚಿಗಳ ಮೇಲೆ ಕೂರುತ್ತಿದ್ದರು. ಕೃಷ್ಣಪ್ಪನವರಿಗೆ ಇದ್ದುದರಲ್ಲಿ ಒಳ್ಳೇ ಕುರ್ಚಿಯೇ ಬೇಕು. ಒಂದು ದಿನ ಇಂದಿರಾನಗರದ ಗಿರಾಕಿಯ ಡೈನಿಂಗ್ ಕುರ್ಚಿಗೆ ಪಾಲಿಶ್ಶಿನ ಕೊನೆಯ ಕೈ ಹಾಕಿ ಒಣಗಲು ಬಿಟ್ಟಿದ್ದೆ. ಬಂದವರೇ ಅದರ ಮೇಲೆ ಕೂತರು. ಎದ್ದಾಗ ಅವರ ಪ್ಯಾಂಟಿನ ನೇಯ್ಗೆ ಎಳೆಎಳೆಯಾಗಿ ಸೀಟಿನ ಮೇಲೆ ಅಚ್ಚಾಗಿತ್ತು.

"ಸರ್, ಅದು ಒಣಗಿರ್ಲಿಲ್ಲ" ಅಂದೆ.

"ಹಸಿ ಇದೆ ಅಂತ ಬೋರ್ಡ್ ಹಾಕೋಕಾಗಲ್ವೇನೋ?" ಅಂದರು. ಆಮೇಲೆ ಎಲ್ಲರ ಕಡೆ ತಿರುಗಿ, "ಓಹೋ, ಬರೆಯೋಕೆ ಬರ್ಬೇಕಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರನೇ ದಿನ ಪೂರ್ತಿ ಆ ಸೀಟನ್ನು ಉಪ್ಪುಕಾಗದದಿಂದ ಉಜ್ಜಿ, ಮೊದಲಿನಿಂದ ಪಾಲಿಶ್ ಹಾಕಿದೆ.

ಅವರಿಗೆ ವಿಷಯ ಗೊತ್ತಿತ್ತು, ಅದನ್ನು ಇಲ್ಲ ಅನ್ನಲಾರೆ. ನದಿ, ರಾಜಧಾನಿ, ಯಾವ ರಾಜ ಯಾವ ಯುದ್ಧದಲ್ಲಿ ಸೋತ, ಎಲ್ಲ ಗೊತ್ತಿತ್ತು. ಪ್ರಶ್ನೆ ಮಾಡುವವರ ತಲೆ ಹೇಗೆ ಓಡುತ್ತದೆ ಎಂಬುದನ್ನೂ ಲೆಕ್ಕ ಹಾಕಿದ್ದರು. "ನೋಡಿ, ನಾಲ್ಕರಲ್ಲಿ ಒಂದು ದಡ್ಡರಿಗೆ ಅಂತ್ಲೇ ಇಟ್ಟಿರ್ತಾರೆ. ಮೊದ್ಲು ಅದನ್ನ ಹುಡುಕ್ಬೇಕು. ಎರಡು ಅಣ್ಣತಮ್ಮಂದಿರ ಥರ ಇರ್ತವೆ, ಉತ್ತರ ಅವೆರಡ್ರಲ್ಲೇ ಇರುತ್ತೆ" ಅನ್ನುತ್ತಿದ್ದರು. ಆಟಗಾರ ನೀರು ಕುಡಿದರೆ, "ಹೋದ, ಇವ್ನಿಗೆ ಗೊತ್ತಿಲ್ಲ." ಹೆಂಗಸು ನಕ್ಕರೆ, "ನಗ್ತಾಳೆ ನೋಡು, ಮನೇಲಿ ಸಾರಿಗೆ ಉಪ್ಪು ಹಾಕಿದೀನಾ ಇಲ್ವಾ ಅನ್ನೋ ಯೋಚ್ನೆ." ಟಿವಿಯಲ್ಲಿದ್ದವರು ಸೋತಾಗ ಅವರ ಮುಖದಲ್ಲಿ ಊಟ ಮುಗಿಸಿದವರ ತೃಪ್ತಿ ಕಾಣುತ್ತಿತ್ತು.

ಒಂದೆರಡು ಸಲ ಕೆಲಸ ಮಾಡುತ್ತಲೇ ನಾನೂ ಉತ್ತರ ಹೇಳಲು ಹೋಗಿ ತಪ್ಪಿದ್ದೆ. ಅಂದಿನಿಂದ ಮೊದಲು ಮಡಿಸುವ ಕಿರುಬೆರಳಿಗೆ, ಅಂದರೆ ಆ ಉದ್ದ ಉಗುರಿನ ಬೆರಳಿಗೆ, ನನ್ನ ಹೆಸರಿಟ್ಟರು. "ದಡ್ಡರಿಗೆ ಇಟ್ಟಿದ್ದು ಯಾವ್ದು? ಇದು. ಇದು ಮುನಿರಾಜುದು" ಅಂತ ಮಡಿಸುತ್ತಿದ್ದರು. ಆಮೇಲೆ ಬೀದಿಯವರೂ ಜೊತೆಯಲ್ಲೇ ಕೂಗತೊಡಗಿದರು: "ಮುನಿರಾಜುದು!" ಒಮ್ಮೆ ಬೀಟೆ ಮರದ ಬಗ್ಗೆ ಪ್ರಶ್ನೆ ಬಂದಾಗ ನಾನು ಹೇಳಿದ್ದೇ ಸರಿಯಾಯಿತು. ಕೃಷ್ಣಪ್ಪನವರು ತಿರುಗಿಯೂ ನೋಡಲಿಲ್ಲ. "ಅದು ತಿಳ್ಕೊಂಡಿರೋದಲ್ಲ ಕಣೋ, ಉಜ್ಜಿರೋದು" ಅಂದರು.

ಇಷ್ಟಾದರೂ ಅವರನ್ನು ಯಾಕೆ ಕೂರಿಸಿಕೊಂಡೆ? ಬಿ.ಎ. ಓದಿದ ಮನುಷ್ಯ ನನ್ನ ಅಂಗಡಿಗೆ ದಿನಾ ಬರುತ್ತಾರೆ ಅನ್ನುವ ಹೆಮ್ಮೆ ನನಗಿತ್ತು. ಹೇಳಿಕೊಳ್ಳಲು ಅಸಹ್ಯವಾಗುತ್ತದೆ, ಆದರೆ ಇತ್ತು.

ಮಂಜುಳ ಪಿಯುಸಿ ಪಾಸಾಗಿ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಅವಳಿಗೆ ಟೀಚರ್ ಆಗಬೇಕು ಎಂಬ ಒಂದೇ ಆಸೆ. ಆ ವರ್ಷ ಟೀಚರ್ ಟ್ರೈನಿಂಗ್‌ಗೆ ಸೀಟು ಸಿಕ್ಕಿತು, ಫೀಸು ಕಟ್ಟಲು ಮೂರು ವಾರ ಗಡುವು. ನಾನು ಆಗಷ್ಟೇ ಅಂಗಡಿ ದೊಡ್ಡದು ಮಾಡಿ ಕೈ ಬರಿದು ಮಾಡಿಕೊಂಡಿದ್ದೆ. ಅದೇ ಸಮಯಕ್ಕೆ ಕ್ವಿಜ್‌ನವರು ಕರೆದರು. ಗೆದ್ದರೆ ಬಹುಮಾನದ ಹಣದಲ್ಲಿ ಫೀಸು ಕಟ್ಟಬಹುದು. ಅವಳು ತಿಂಗಳುಗಟ್ಟಲೆ ಅಂಗಡಿಯ ಫೋನಿನಿಂದ ಅವರ ನಂಬರಿಗೆ ಫೋನ್ ಮಾಡುತ್ತಿದ್ದಳು. ಆಟದ ಮಧ್ಯೆ ಒಂದೇ ಒಂದು ಸಲ, ಮೂವತ್ತು ಸೆಕೆಂಡು, ಪರಿಚಯದವರೊಬ್ಬರಿಗೆ ಫೋನ್ ಮಾಡಿ ಸಹಾಯ ಕೇಳಬಹುದು. ಆ ಹೆಸರನ್ನು ಮೊದಲೇ ಬರೆದುಕೊಡಬೇಕು.

"ಅಣ್ಣ, ನಿನ್ನ ಹೆಸ್ರು ಬರೀಲಾ?" ಅಂದಳು.

"ಏಳನೇ ಕ್ಲಾಸಿನವನ ಹೆಸ್ರು ಬರೆದು ನಗೆಪಾಟಲಾಗ್ತೀಯಾ? ಕೃಷ್ಣಪ್ಪ ಸರ್‌ದು ಬರಿ."

"ಅವ್ರು ಬೇಗ ಹೇಳಲ್ಲ ಅಣ್ಣ."

"ಬಿ.ಎ. ಓದಿದಾರೆ ಕಣೇ."

ಅವಳು ಅವರ ಹೆಸರು ಬರೆದಳು. ಕೆಳಗೆ ನನ್ನ ಅಂಗಡಿಯ ನಂಬರು. ಅವರ ಮನೆಯಲ್ಲೂ ಫೋನ್ ಇತ್ತು. ಆದರೆ ಮನೆಯಲ್ಲಿ ಕೇಳಲು ಜನ ಇರುವುದಿಲ್ಲವಲ್ಲ.

ಶೂಟಿಂಗ್ ದಿನ ಮಧ್ಯಾಹ್ನ ಮೂರಕ್ಕೇ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ತಲೆಗೆ ಎಣ್ಣೆ ಬಡಿದುಕೊಂಡು ಬಂದು ಫೋನಿನ ಪಕ್ಕ ಕೂತರು. ಚಾನೆಲ್ಲಿನ ಹೆಣ್ಣುಮಗಳು ಮುಂಚೆಯೇ ಫೋನ್ ಮಾಡಿ ಹೇಳಿದ್ದಳು: ಮಾತಾಡುವುದು ಕೃಷ್ಣಪ್ಪನವರೊಬ್ಬರೇ, ಪಕ್ಕದವರನ್ನು ಬೇಕಾದರೆ ಅವರು ಕೇಳಬಹುದು. ನಾಲ್ಕು ಗಂಟೆ ಸುಮಾರಿಗೆ ಫೋನ್ ಹೊಡೆದುಕೊಂಡಿತು. ಬೀದಿಯವರಿಗೆಲ್ಲ ತಮ್ಮ ಉತ್ತರ ಕೇಳಲಿ ಅಂತ ಸ್ಪೀಕರ್ ಬಟನ್ ಒತ್ತಿದರು. ನಾನು ಒಂದು ಮಂಚದ ಕಾಲಿಗೆ ಪಾಲಿಶ್ ಹಾಕುತ್ತಿದ್ದೆ. ಕೈಯಲ್ಲಿ ಅರಗಿನ ಬಟ್ಟೆ ಹಾಗೇ ಇತ್ತು.

"ಸರ್, ನಾನು ಮಂಜುಳ. ಮರಕ್ಕೆ ಪಾಲಿಶ್ ಮಾಡೋ ಅರಗು ಯಾವ್ದರಿಂದ ಸಿಗುತ್ತೆ? ಒಂದು ಮರದ ಅಂಟು, ಎರಡು ಹುಳ, ಮೂರು ಕಲ್ಲಿದ್ದಲು, ನಾಲ್ಕು ಸಮುದ್ರದ ಪಾಚಿ."

ಫೋನಿಗೆ ಅಂತ ಅಂಗಡಿಗೆ ಬರುತ್ತಿದ್ದರೂ ಅರಗು ಸೋಸುವುದನ್ನು ಅವಳು ಯಾವತ್ತೂ ನೋಡಿದವಳಲ್ಲ. ಮನೆಗೆ ಹೋಗುತ್ತಿದ್ದುದು ನನ್ನ ಬಟ್ಟೆಯ ಸ್ಪಿರಿಟ್ ವಾಸನೆ ಮಾತ್ರ. ಆದರೆ ಆ ಪ್ರಶ್ನೆ ನನ್ನದು. ಇಪ್ಪತ್ತಮೂರು ವರ್ಷ ನನ್ನ ಉಗುರಿನ ಸಂದಿಯಲ್ಲಿ ಕೂತಿದ್ದ ಪ್ರಶ್ನೆ.

ಕೃಷ್ಣಪ್ಪನವರು ನಾಲ್ಕು ಬೆರಳು ಎತ್ತಿದರು. ಟೆಲಿಫೋನಿಗೆ.

"ಆತುರ ಬೇಡಮ್ಮ. ಮೊದ್ಲು ಪ್ರಶ್ನೆ ಏನ್ ಕೇಳ್ತಾ ಇದೆ ಅಂತ ನೋಡೋಣ."

"ಸರ್, ಟೈಮ್ ಹೋಗ್ತಿದೆ. ಅಣ್ಣ ಇದ್ದಾನಾ ಅಲ್ಲಿ? ಅಣ್ಣನ್ನ ಕೇಳಿ ಸರ್."

"ಇದಾನೆ, ಇದಾನೆ. ನೀನು ಕೇಳಿಲ್ಲಿ. ನಾಲ್ಕರಲ್ಲಿ ಒಂದು ದಡ್ಡರಿಗೆ ಇಟ್ಟಿರ್ತಾರೆ. ಯಾವ್ದು? ಹುಳ. ಹುಳ ಎಲ್ಲಾದ್ರೂ ಪಾಲಿಶ್ ಕೊಡುತ್ತೇನಮ್ಮ? ಅದನ್ನ ತೆಗ್ದಾಕು." ಉದ್ದ ಉಗುರಿನ ಬೆರಳು ಮಡಿಸಿದರು. ನನ್ನ ಕಡೆ ನೋಡಿ ಕಣ್ಣು ಹೊಡೆದರು. "ಇನ್ನು ಉಳಿದಿದ್ದು ಮೂರು. ಈಗ ಸಮುದ್ರ ಅಂದ್ರೆ..."

ಲೈನ್ ಕಟ್ಟಾಯಿತು.

ಮೂರು ಬೆರಳು ಹಾಗೇ ನಿಂತಿದ್ದವು. ನಾನು ಬಾಯಿ ತೆರೆದಿದ್ದೆ, ಮಾತು ಹೊರಟಿರಲಿಲ್ಲ. ಅವರು ಕೇಳಿದ್ದರೆ ಹೇಳುತ್ತಿದ್ದೆ ಎಂಬ ನೆಪ ನನಗಿದೆ. ಅದು ಬರೀ ನೆಪ. ಮಂಚದ ಹತ್ತಿರದಿಂದ "ಹುಳ ಕಣೇ" ಅಂತ ಕೂಗಿದ್ದರೂ ಅವಳಿಗೆ ಕೇಳುತ್ತಿತ್ತು. ನಾನು ಕೂಗಲಿಲ್ಲ. ಆ ಬೆರಳು ಮಡಿಸಿದ ಮೇಲೆ ನಾನು ಸುಮ್ಮನಾಗುವುದು ಎರಡು ವರ್ಷದಿಂದ ನಡೆದುಕೊಂಡು ಬಂದಿತ್ತು.

ಮಂಜುಳ ಮರದ ಅಂಟು ಅಂದಳು, ಸೋತಳು, ಸೋತವರಿಗೆ ಕೊಡುವ ಒಂದು ಮಿಕ್ಸಿ ಹೊತ್ತುಕೊಂಡು ಮನೆಗೆ ಬಂದಳು. ಸೀಟಿನ ಗಡುವು ಮುಗಿಯಿತು. ಅವಳು ಮತ್ತೆ ಬೆಳಗಿನ ಶಿಫ್ಟಿಗೆ ಹೋದಳು.

ತಿಂಗಳಾದ ಮೇಲೆ ಅದು ಟಿವಿಯಲ್ಲಿ ಬಂತು. ಅವತ್ತೂ ಕೃಷ್ಣಪ್ಪನವರು ಬಂದು ಒಳ್ಳೇ ಕುರ್ಚಿ ಹಿಡಿದರು. ಫ್ಯಾಕ್ಟರಿಯಿಂದ ನೇರವಾಗಿ ಬಂದ ಮಂಜುಳ, ಟಿಫಿನ್ ಬ್ಯಾಗು ಹಿಡಿದುಕೊಂಡು ಬಾಗಿಲ ಹತ್ತಿರವೇ ನಿಂತಿದ್ದಳು. ಫೋನಿನ ಭಾಗ ಬಂದಾಗ ಆ ಮನುಷ್ಯ ಅಂದದ್ದು ಏನು ಗೊತ್ತೇ? "ನನ್ ವಾಯ್ಸ್ ಚೆನ್ನಾಗಿ ಬಂದಿದೆ ಅಲ್ವೇನ್ರಪ್ಪಾ?" ಆಮೇಲೆ ಆಟದ ವಿಮರ್ಶೆ ಶುರುವಾಯಿತು. "ಹುಡುಗಿ ಗಾಬರಿ ಬಿದ್ಲು. ಪ್ರಶ್ನೆ ಓದೋದ್ರಲ್ಲೇ ಅರ್ಧ ಟೈಮ್ ತಿಂದ್ಲು. ಯೋಚ್ನೆ ಮಾಡೋ ಅಭ್ಯಾಸ ಇಲ್ದೇ ಇದ್ರೆ ಹಿಂಗೇ."

"ಅಣ್ಣನ್ನ ಕೇಳಿ ಅಂದಿದ್ದೆ ಸರ್" ಅಂದಳು ಮಂಜುಳ.

"ಅವ್ನಿಗೇನ್ ಗೊತ್ತಮ್ಮ?"

ನಾನು ಒಳಗೆ ಹೋಗಿ, ಬೆಳಿಗ್ಗೆ ಅರಗು ಸೋಸಿದ ಬಟ್ಟೆ ತಂದು, ಅವರ ಬಲಗೈ ಹಿಡಿದು, ಅಂಗೈ ಮೇಲೆ ಕೊಡವಿದೆ.

"ಏನೋ ಇದು?"

"ನೋಡಿ ಸರ್. ಕಾಲು. ರೆಕ್ಕೆ. ಹುಳ ಇದು."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು, ಮೂಸಿದರು. ಟಿವಿಯಲ್ಲಿ ಸರಿಯುತ್ತರ ಆಗಲೇ ತೋರಿಸಿಯಾಗಿತ್ತು. ಆದರೂ ಅಂದರು: "ಕಸ ಕಣೋ. ಅಂಗಡಿಯವ್ನು ಕಲಬೆರಕೆ ಮಾಡಿದಾನೆ. ವಾಪಸ್ ಕೊಡು." ಅಂದವರೇ ಅಂಗೈಯನ್ನು ನನ್ನ ಕುರ್ಚಿಯ ತೋಳಿಗೆ ಒರೆಸಿದರು.

ನನಗೆ ಅವರ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಮಂಜುಳ ಅವರನ್ನು ನೋಡುತ್ತಲೇ ಇರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ಫೋನ್ ಬಂದಾಗ ನೀನು ಇಲ್ಲೇ ಇದ್ಯಾ ಅಣ್ಣ?"

"ಇದ್ದೆ."

"ನಿಂಗೆ ಗೊತ್ತಿತ್ತಾ?"

ನಾನು ಹೂಂ ಅಂತ ತಲೆ ಆಡಿಸಿದೆ. ಅವಳು ಟಿಫಿನ್ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಮನೆಗೆ ಹೋದಳು. ಮಾರನೇ ದಿನ ಟಿವಿ ಮಾರಿದೆ. ಟಿವಿ ಇಲ್ಲದ ಅಂಗಡಿಗೆ ಕೃಷ್ಣಪ್ಪನವರು ಬರಲಿಲ್ಲ. ಮುಂದಿನ ವರ್ಷ ಫೀಸು ನಾನೇ ಕಟ್ಟುತ್ತೇನೆ ಅಂದೆ. ಅಷ್ಟರಲ್ಲಿ ಅವಳಿಗೆ ಮದುವೆ ಗೊತ್ತಾಗಿತ್ತು. "ಬಿಡಣ್ಣ" ಅಂದಳು. ಈಗ ಅದೇ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಹಬ್ಬಕ್ಕೆ ಬರುತ್ತಾಳೆ, ಮಾತಾಡುತ್ತಾಳೆ, ಆ ವಿಷಯ ಎತ್ತುವುದಿಲ್ಲ.

ನಾಲ್ಕೈದು ವರ್ಷವಾದ ಮೇಲೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಕೃಷ್ಣಪ್ಪನವರು ಸಿಕ್ಕಿದರು. ನಾನು ಮಾರತ್ತಹಳ್ಳಿಯಲ್ಲಿ ಒಂದು ಕೆಲಸ ನೋಡಿಬರಲು ಹೊರಟಿದ್ದೆ. ಅವರ ಕೈಯಲ್ಲಿ ಕೋಲು, ಕಣ್ಣಿಗೆ ಪೊರೆ, ಕಾಲರು ಕೊಳೆ. ನನ್ನ ದನಿ ಹಿಡಿದೇ ಗುರುತಿಸಿದರು.

"ಮುನಿರಾಜೂ, ಒಳ್ಳೇ ಟೈಮಿಗೆ ಸಿಕ್ಕಿದೆ. ಅವತ್ತು ಲೈನ್ ಯಾಕೆ ಕಟ್ಟಾಯ್ತು ಅಂತ ಕೂತು ಯೋಚ್ನೆ ಮಾಡಿದೀನಿ ಕಣೋ. ನಾಲ್ಕು ಕಾರಣ ಇರ್ಬೋದು."

ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಾಲ್ಕು ಬೆರಳು ಎತ್ತಿದರು. ಉಗುರು ಹಾಗೇ ಇತ್ತು. ಕನಿಕರ ಬರಬೇಕಿತ್ತು, ಬರಲಿಲ್ಲ. "ಮಂಜುಳ ಹೇಗಿದಾಳೆ?" ಅಂತ ಒಂದು ಮಾತು ಕೇಳಿದ್ದರೆ ನಿಲ್ಲುತ್ತಿದ್ದೆ. ಅವರು ಕಿರುಬೆರಳು ಮಡಿಸಿದರು. ಅಷ್ಟರಲ್ಲಿ ನನ್ನ ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ನೋಡಿದರೆ ನಾನು ನಿಂತಿದ್ದ ಜಾಗಕ್ಕೆ ಇನ್ನೂ ವಿವರಿಸುತ್ತಿದ್ದರು.

ಹೋದ ವರ್ಷ ತೀರಿಕೊಂಡರಂತೆ. ಅವರ ಮನೆ ಅಂಗಡಿಯಿಂದ ನೂರು ಹೆಜ್ಜೆ ದೂರ. ನಾನು ಹೋಗಲಿಲ್ಲ.

ಈಗ ನನಗಿರುವುದು ಇಷ್ಟು. ಹಲಸೂರಿನಲ್ಲಿ ಒಂದು ಅಂಗಡಿ, ಹೊಸ ತಿಪ್ಪಸಂದ್ರದಲ್ಲಿ ಇನ್ನೊಂದು. ಐದು ಜನ ಕೆಲಸದವರು. ಹೆಂಡತಿ, ಇಬ್ಬರು ಮಕ್ಕಳು, ಒಂದು ಸ್ವಂತ ಮನೆ, ಅದರಲ್ಲಿ ಎಂಟು ಕುರ್ಚಿ. ಯಾರೂ ಬಿಚ್ಚದ ಒಂದು ಮಿಕ್ಸಿ. ಟೀಚರ್ ಆಗದ ಒಬ್ಬಳು ತಂಗಿ.