ಖಂಡೆಪ್ಪ ಒಪ್ಪಿಕೊಂಡ ತಪ್ಪು

ಇಂಡಿಯಲ್ಲಿ ನನ್ನದು ಗಾಡಿಗಳ ಬಿಡಿಭಾಗದ ಅಂಗಡಿ. ಪ್ಲಗ್ಗು, ಪಿಸ್ಟನ್ನು, ವಾಷರು ಮಾರುತ್ತ ಕೂತವನಿಗೆ ಊರಿನ ಎಲ್ಲ ಮಿಸ್ತ್ರಿಗಳ ಗುಣ ತಾನಾಗಿ ತಿಳಿಯುತ್ತದೆ. ಕೆಲವರು ಗಾಡಿ ಬಂದ ಕೂಡಲೇ ಬಿಚ್ಚಿ ನೆಲದ ಮೇಲೆ ಹರವುತ್ತಾರೆ. ಆಮೇಲೆ ಯಾವ ಭಾಗ ಎಲ್ಲಿಯದೆಂದು ಕೇಳಲು ನನ್ನ ಹತ್ತಿರ ಓಡಿ ಬರುತ್ತಾರೆ. ಖಂಡೆಪ್ಪ ಹಾಗಲ್ಲ. ಅವನು ಎಂಜಿನ್ ಚಾಲೂ ಮಾಡಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಸುಮ್ಮನೆ ಕೇಳುತ್ತಾನೆ. ಹಾಗೆ ಕೇಳದೆ ಅವನು ಪಾನಾ ಮುಟ್ಟಿದವನೇ ಅಲ್ಲ. ಒಂದು ಸಲ ಬಿಟ್ಟು. ಆ ಒಂದು ಸಲದ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಯಾರ ಹೆಸರೂ ನಿಜವಲ್ಲ, ಖಂಡೆಪ್ಪನದೂ ಅಲ್ಲ. ಊರು ಭೀಮೆಯ ದಂಡೆಯದು, ಅಗರಖೇಡದಿಂದ ಬಹಳ ದೂರವೇನಲ್ಲ. ಅದಕ್ಕಿಂತ ಹೆಚ್ಚು ಕೇಳಬೇಡಿ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಇಡೀ ಇಂಡಿಗೆ ಗೊತ್ತು. ಇದನ್ನು ಇಷ್ಟು ದಿನ ಇಟ್ಟುಕೊಂಡದ್ದೇ ಹೆಚ್ಚು.

ಖಂಡೆಪ್ಪನ ಕೈ ಪಳಗಿದ್ದು ಟೂ ಸ್ಟ್ರೋಕ್ ಎಂಜಿನ್ನುಗಳ ಮೇಲೆ, ಅಂದರೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಓಡಿಸುವ ಎಂಜಿನ್ನುಗಳ ಮೇಲೆ. ಹಳೆಯ ಮೊಪೆಡ್ಡುಗಳು ಊರಿನಿಂದ ಮಾಯವಾದ ಮೇಲೂ ನಿಂಬೆ ತೋಟದವರ ಔಷಧ ಹೊಡೆಯುವ ಪಂಪುಗಳು ಅವನ ಕೈ ಬಿಡಲಿಲ್ಲ. ಹೀಗಾಗಿ ನೆರೆಗೆಂದು ನಮ್ಮ ಕಡೆಗೆ ದೋಣಿ ಬಂದಾಗ ಅದನ್ನು ನೋಡಿಕೊಳ್ಳಲು ತಾಲೂಕಿನವರು ಅವನನ್ನೇ ಕರೆದರು. ಮುದ್ದೇಬಿಹಾಳದ ಕಡೆ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಿಸಿ ಹಳತಾಗಿದ್ದ ಜೆಟ್ ದೋಣಿ ಅದು, ಎಂಜಿನ್ನು ಟೂ ಸ್ಟ್ರೋಕಿನದೇ. ಅದಕ್ಕೆ ಹೊರಗೆ ಚಾಚಿ ತಿರುಗುವ ರೆಕ್ಕೆ ಇಲ್ಲ. ಹೊಟ್ಟೆಯ ಕೆಳಗಿನ ಜಾಳಿಗೆಯಿಂದ ನೀರು ಹೀರಿ, ಹಿಂದಿನ ಮೂತಿಯಿಂದ ಉಗುಳಿ, ಆ ಜೋರಿಗೆ ಮುಂದೆ ಓಡುತ್ತದೆ. ಮುಳುಗಿದ ಕಬ್ಬಿನ ಮೇಲೂ ತಂತಿಬೇಲಿಯ ಮೇಲೂ ಹೋಗಲು ಅದೇ ಸರಿ ಎಂದು ಖಂಡೆಪ್ಪ ಮೆಚ್ಚಿಕೊಂಡ. ಅದನ್ನು ನಡೆಸುವುದನ್ನೂ ತಾನೇ ಕಲಿತ. ಜೊತೆಗೆ ಪರಸಪ್ಪ ಎಂಬ ಮೀನು ಹಿಡಿಯುವವನನ್ನು ಗಳ ಹಿಡಿಯಲು ಇಟ್ಟುಕೊಂಡ.

ಆ ವರ್ಷ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರು. ಭೀಮೆ ಊರನ್ನು ಸುತ್ತುಗಟ್ಟಿದಳು. ಹೊಳೆ ಏರಿದರೆ ಹುಳಹುಪ್ಪಟೆಗಳೂ ಮನುಷ್ಯರ ಹಾಗೆ ಎತ್ತರದ ಜಾಗ ಹುಡುಕುತ್ತವೆ. ಚಂದಪ್ಪ ಎಂಬ ರೈತ ಕಣಿಕೆಯ ಬಣವೆಯಿಂದ ಎಮ್ಮೆಗೆ ಮೇವು ಹಿರಿಯಲು ಹೋದಾಗ ಹಾವು ಕಚ್ಚಿತು. ರಸ್ತೆ ನೀರಿನಡಿ ಇತ್ತು. ಆಂಬುಲೆನ್ಸ್ ಆಚೆ ದಡದಲ್ಲಿ ಬಂದು ನಿಂತಿತು. ಖಂಡೆಪ್ಪ ದೋಣಿ ತಂದ.

ಚಂದಪ್ಪನನ್ನು ಮಲಗಿಸುವಾಗ ಅವನ ಹೆಂಡತಿ ರುಕ್ಮವ್ವ ಮನೆಯೊಳಗೆ ಓಡಿ, ಬಾಚಿಕೊಂಡಷ್ಟು ಬಾಚಿಕೊಂಡು ಬಂದಳು. ಕುಪ್ಪಸದ ಹಸಿರು ಖಣ, ಅಕ್ಕಿ, ಉತ್ತತ್ತಿ, ಅರಿಷಿಣಕೊಂಬು, ಬಳೆ. ತುಂಬಿದ ಹೊಳೆಗೆ ಉಡಿ ತುಂಬದೆ ದಾಟಬಾರದೆಂಬುದು ನಮ್ಮ ಕಡೆಯ ಪದ್ಧತಿ. ತಾಯಿಯ ಮನೆಗೆ ಬರಿಗೈಯಲ್ಲಿ ಹೋಗುತ್ತಾರೆಯೇ? ಆಕೆ ದೋಣಿಯ ಹಿಂಬದಿಗೆ ಬಂದು, ಬಾಗಿ, ಎಲ್ಲವನ್ನೂ ನೀರಿಗೆ ಬಿಟ್ಟಳು.

"ಯವ್ವಾ, ನನ್ನ ಗಂಡನ್ನ ದಾಟಿಸವ್ವ" ಅಂದು ದೋಣಿ ಹತ್ತಿದಳು.

ನಡುನೀರಿನಲ್ಲಿ ಎಂಜಿನ್ ಕಿರುಚತೊಡಗಿತು, ದೋಣಿ ಮಾತ್ರ ನಿಂತಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಕಾದು, ಉಸಿರುಗಟ್ಟಿ, ಎಂಜಿನ್ನೂ ನಿಂತುಹೋಯಿತು. ಬೇರೆ ದಿನವಾಗಿದ್ದರೆ ಖಂಡೆಪ್ಪ ಆ ಕಿರುಚಾಟವನ್ನು ಕೇಳಿಯೇ ರೋಗ ಹೇಳುತ್ತಿದ್ದ. ಅಂದು ಚಂದಪ್ಪನ ರೆಪ್ಪೆಗಳು ಜೋತುಬೀಳುತ್ತಿದ್ದವು, ರುಕ್ಮವ್ವ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು. ಖಂಡೆಪ್ಪ ನೇರವಾಗಿ ಪಾನಾ ತೆಗೆದು ಪ್ಲಗ್ ಬಿಚ್ಚಲು ಕೂತ. ಒರೆಸಿ ಹಾಕಿದ. ಮತ್ತೆ ಹಚ್ಚಿದ. ಮತ್ತೆ ಅದೇ ಗತಿ. ಸೆಳವು ದೋಣಿಯನ್ನು ಜಾಲಿಯ ಕಂಟಿಗೆ ಒಯ್ದು ಸಿಗಿಸಿತು. ಆಚೆ ದಡದವರು ಹಗ್ಗ ಕಟ್ಟಿಕೊಂಡು ಈಜಿ ಬಂದು ಎಳೆಯುವ ಹೊತ್ತಿಗೆ ಬಹಳ ತಡವಾಗಿತ್ತು. ಚಂದಪ್ಪ ಆಸ್ಪತ್ರೆ ಮುಟ್ಟಲಿಲ್ಲ.

ಊರ ಬಾಯಿಗೆ ಮುಚ್ಚಳ ಉಂಟೇ? ಖಂಡೆಪ್ಪ ಎಣ್ಣೆ ಸರಿಯಾಗಿ ಬೆರೆಸಿರಲಿಲ್ಲ ಅಂದರು. ಕುಡಿದಿದ್ದ ಅಂದರು. ಅವನು ಕುಡಿಯುವುದು ನನ್ನ ಅಂಗಡಿಯ ಚಹಾ ಮಾತ್ರ. ಆದರೆ ದಡದಲ್ಲಿ ನಿಂತವರೆಲ್ಲ ಅವನು ನಡುನೀರಿನಲ್ಲಿ ಪ್ಲಗ್ ಬಿಚ್ಚಿದ್ದನ್ನು ನೋಡಿದ್ದರು. ಅವರಿಗೆ ಅಷ್ಟು ಸಾಕಾಯಿತು.

ನೀರಿಳಿದ ಮೇಲೆ ದೋಣಿಯನ್ನು ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಹಾಕಿ ಅವನ ಗ್ಯಾರೇಜಿಗೆ ತಂದರು. ನಾನೂ ಹೋದೆ.

"ಅಮೀನಸಾಬ, ಏನ್ ತಪ್ಪಿತು ಅಂತ ನನಗ ಗೊತ್ತಾಗಬೇಕು. ನಂದಽ ಅಂದ್ರ ನಂದು. ಗೊತ್ತಾಗದ ಕೂಡಾಕ ಆಗವಲ್ದು" ಅಂದ ಖಂಡೆಪ್ಪ.

ಮೊದಲು ಟಾಕಿಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿದ. ನೀರು ಸೇರಿದ್ದರೆ ಅದು ತಳಕ್ಕೆ ಇಳಿದು ಬೇರೆಯಾಗಿ ಕಾಣಬೇಕು. ಕಾಣಲಿಲ್ಲ. ಹೊಸ ಪ್ಲಗ್ ಹಾಕಿ, ಪೈಪಿನಿಂದ ತಣ್ಣೀರು ಬಿಟ್ಟು ತುಸು ಹೊತ್ತು ಓಡಿಸಿ, ಬಿಚ್ಚಿ ನೋಡಿದ. ಎಣ್ಣೆ ಹೆಚ್ಚಾದರೆ ಪ್ಲಗ್ಗಿನ ಮೂತಿ ಕಪ್ಪಗೆ ಜಿಡ್ಡಾಗಿರುತ್ತದೆ, ಪೆಟ್ರೋಲು ಸಾಲದಿದ್ದರೆ ಸುಟ್ಟು ಬೆಳ್ಳಗಾಗುತ್ತದೆ. ಇದು ಬಿಸ್ಕೀಟಿನ ಬಣ್ಣಕ್ಕಿತ್ತು. ಆಮೇಲೆ ಎರಡೂ ಸಿಲಿಂಡರಿನ ಒತ್ತಡ ಅಳೆದ. ಎರಡೂ ಸಮ. ಹೊಗೆ ಹೋಗುವ ದಾರಿಯಲ್ಲಿ ಮಸಿ ಕಟ್ಟಿದೆಯೇ ಎಂದು ಬೆರಳು ಹಾಕಿ ಕೆರೆದ. ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

ಎಂಜಿನ್ನಿಗೆ ಯಾವ ರೋಗವೂ ಇರಲಿಲ್ಲ. ನನಗೆ ಖುಷಿಯಾಯಿತು. ಈಗಲೇ ಊರಿಗೆ ಹೋಗಿ ಆ ಎಲುಬಿಲ್ಲದ ನಾಲಿಗೆಗಳನ್ನೆಲ್ಲ ಕಟ್ಟಿಹಾಕಬೇಕು ಅಂದುಕೊಂಡೆ. ಖಂಡೆಪ್ಪ ಮಾತ್ರ ದೋಣಿಯಡಿಗೆ ತೂರಿ, ಅಂಗಾತ ಮಲಗಿ, ಜಾಳಿಗೆಯ ಸಂದಿಯೊಳಗೆ ಕೈ ಹಾಕಿದ. ಹಾಕಿದ ಕೈ ಅಲ್ಲೇ ನಿಂತಿತು.

ನೀರು ತಳ್ಳುವ ಚಕ್ರದ ಅಚ್ಚಿಗೆ ಬಟ್ಟೆ ಹುರಿಯಾಗಿ ಸುತ್ತಿ, ನೀರು ಬರುವ ದಾರಿಯನ್ನೇ ಮುಚ್ಚಿತ್ತು. ಚಕ್ರಕ್ಕೆ ನೀರು ಸಿಗದೆ ಎಂಜಿನ್ ಸುಮ್ಮನೆ ಕಿರುಚಿತ್ತು. ಎಂಜಿನ್ನನ್ನು ತಂಪಾಗಿಡುವ ನೀರೂ ಆ ಚಕ್ರದಿಂದಲೇ ಬರಬೇಕು, ಅದು ಬರದೆ ಕಾದು ನಿಂತಿತ್ತು. ಖಂಡೆಪ್ಪ ಚೂರು ಚೂರಾಗಿ ಎಳೆದು ತೆಗೆದ. ಹಸಿರು ಖಣ. ಮಡಿಕೆಯಲ್ಲಿ ನಾಲ್ಕು ಅಕ್ಕಿಕಾಳು ಉಬ್ಬಿ ಅಂಟಿದ್ದವು.

ಖಂಡೆಪ್ಪ ಚಿಂದಿಗಳನ್ನು ಒಂದೊಂದಾಗಿ ನೆಲದ ಮೇಲೆ ಬಿಡಿಸಿಟ್ಟ.

"ನಡಿ, ಪಂಚರಿಗೆ ತೋರಸೋಣು" ಅಂದೆ ನಾನು.

"ಏನಂತ ತೋರಸಲಿ? ರುಕ್ಮವ್ವಾ, ನಿನ್ನ ಗಂಡನ್ನ ನೀನಽ ಕೊಂದಿ ಅಂತ ಹೇಳ್ಲ್ಯಾ?"

"ಹುಚ್ಚ್ಯಾ, ಊರೆಲ್ಲ ನಿನ್ನ ಮಾರಿಗೆ ಉಗುಳಾಕತ್ತೈತಿ."

"ಉಗುಳಲಿ. ನನ್ನ ಹೆಸರು ಕೆಟ್ರ ನಾಕ್ ಪಂಪು ರಿಪೇರಿ ಮಾಡಿ ತಿರುಗಿ ಗಳಸ್ತೇನಿ. ಈ ಮಾತು ಕಿವಿಗೆ ಬಿದ್ರ ಆಕಿ ಎಲ್ಲಿಗೆ ಹೋಗಬೇಕು?" ಸ್ವಲ್ಪ ತಡೆದು ಹೇಳಿದ: "ಮತ್ತ ನಂದೂ ತಪ್ಪೈತಿ. ದೋಣಿ ಕಿರುಚಿ ಹೇಳ್ತು, ನಾ ಕೇಳಲಿಲ್ಲ. ಕೇಳಿದ್ರ ಮೊದಲ ಕೆಳಗ ಕೈ ಹಾಕ್ತಿದ್ದೆ."

ಚಿಂದಿಗಳನ್ನೆಲ್ಲ ತೊಳೆದು ಹೊಳೆಗೆ ಬಿಟ್ಟು ಬಂದ. ಮರುವಾರ ತಾಲೂಕಿನ ಸಾಹೇಬರು ಚಾವಡಿಗೆ ವಿಚಾರಣೆಗೆ ಬಂದರು. ಕಾರಣ ಏನೆಂದು ಕೇಳಿದರು. ರುಕ್ಮವ್ವ ಕಂಬಕ್ಕೆ ಒರಗಿ ಕೂತಿದ್ದಳು.

"ಎಣ್ಣಿ ಬೆರಸೂದ್ರಾಗ ತಪ್ಪಾತ್ರಿ ಸಾಹೇಬ್ರ. ಅದು ನಂದಽ ತಪ್ಪು" ಅಂದ ಖಂಡೆಪ್ಪ.

ನನಗೆ ಮೈಯೆಲ್ಲ ಉರಿಯಿತು. ಜೀವಮಾನದಲ್ಲಿ ಒಂದು ಸಲವೂ ಎಣ್ಣೆಯ ಅಳತೆ ತಪ್ಪದವನು, ಇಡೀ ಊರಿನ ಎದುರು ಹೀಗೆ ಹೇಳಿದ. ರುಕ್ಮವ್ವ ಎದ್ದು ಬಂದು ಅವನ ಮುಂದೆ ಮಣ್ಣು ತೂರಿದಳು. ನಿನ್ನ ಕೈ ಸೇದಿಹೋಗಲಿ ಅಂದಳು. ಅವನು ತಲೆ ತಗ್ಗಿಸಿ ನಿಂತಿದ್ದ. ಅವನ ಹೆಂಡತಿ ಸುನಂದಾ ಅಂದಿನಿಂದ ನೀರಿಗೆ ನಲ್ಲಿಯ ಹತ್ತಿರ ಹೋಗುವುದನ್ನು ಬಿಟ್ಟಳು. ಆಕೆಗೂ ಅವನು ನಿಜ ಹೇಳಿರಲಿಲ್ಲ.

ಸಾಹೇಬರು ತಾಕೀತು ಮಾಡಿ ಬಿಟ್ಟರು. ದೋಣಿ ನಡೆಸಲು ಬೇರೆ ಯಾರೂ ಮುಂದೆ ಬರಲಿಲ್ಲ, ಹಾಗಾಗಿ ಅದು ಅವನ ಕೈಯಲ್ಲೇ ಉಳಿಯಿತು. ಬೈಯುವುದು ಸುಲಭ, ಸೆಳವಿಗೆ ಇಳಿಯುವುದು ಕಷ್ಟ. ಅವನು ಪರಸಪ್ಪನಿಗೂ ನಡೆಸುವುದನ್ನು ಕಲಿಸಿದ. ಒಂದು ಹೊಸ ಕಟ್ಟಳೆಯನ್ನೂ ಮಾಡಿದ. ದೋಣಿಯ ಹತ್ತಿರ ಯಾರೂ ಉಡಿ ತುಂಬಬಾರದು, ದೋಣಿ ಹೋದ ಮೇಲೆ ದಂಡೆಯಲ್ಲಿ ನಿಂತು ತುಂಬಬೇಕು. ಕಾರಣ ಕೇಳಿದರೆ ಹೇಳುತ್ತಿರಲಿಲ್ಲ. ದೇವರ ಭಯವಿಲ್ಲದವನು ಎಂಬ ಹೆಸರೂ ಬಂತು.

ಮತ್ತೊಂದು ವರ್ಷ ಭೀಮೆ ಅದಕ್ಕಿಂತ ಮೇಲೆ ಬಂದಳು. ಜನ ಶಾಲೆಯ ಮಾಳಿಗೆ ಹತ್ತಿ ಕೂತಿದ್ದರು. ನಾನು ಬಿಸ್ಕೀಟು, ನೀರಿನ ಬಾಟಲಿ ಹಂಚಲು ಮೊದಲ ಸುತ್ತಿನಲ್ಲೇ ಹೋಗಿ ಅಲ್ಲೇ ಇದ್ದೆ. ನೀರು ಕಿಟಕಿಯ ಮೇಲಂಚಿಗೆ ಬಂದಿತ್ತು. ಒಂದೊಂದೇ ಸುತ್ತಿನಲ್ಲಿ ಜನ ದಾಟಿದರು. ಕೊನೆಗೆ ಕೆಲವರು ಉಳಿದರು. ಅವರಲ್ಲಿ ರುಕ್ಮವ್ವ ಒಬ್ಬಳು.

"ಇಂವ ನಡಸೂ ದೋಣ್ಯಾಗ ನಾ ಕೂಡಂಗಿಲ್ಲ. ಇಲ್ಲೇ ಸಾಯ್ತೇನಿ" ಅಂದಳು.

ಎಲ್ಲರೂ ಹೇಳಿ ನೋಡಿದರು. ಆಕೆ ಅಲುಗಲಿಲ್ಲ. ಖಂಡೆಪ್ಪ ಎಂಜಿನ್ ಕಡೆಗೊಮ್ಮೆ ಕಿವಿ ಕೊಟ್ಟ. ಆಮೇಲೆ ಹಿಡಿಕೆಯನ್ನು ಪರಸಪ್ಪನಿಗೆ ಕೊಟ್ಟು ಮಾಳಿಗೆಗೆ ಹತ್ತಿದ.

"ನಾ ಬರಂಗಿಲ್ರಿ ಯವ್ವಾ. ನೀವು ಹೋಗ್ರಿ" ಅಂದ.

ಉಳಿದವರ ಜೊತೆ ಆಕೆ ದೋಣಿಗೆ ಇಳಿದು ಕೂತಳು. ಕೂತವಳೇ ಸೆರಗಿನಿಂದ ಗಂಟು ತೆಗೆದು ದೋಣಿಯ ಅಂಚಿನಿಂದ ನೀರಿಗೆ ಬಿಡಲು ಹೋದಳು. ಖಂಡೆಪ್ಪ ಬಾಗಿ ಗಂಟನ್ನು ಕಸಿದುಕೊಂಡ. ಆಕೆ ಎದ್ದು ಅವನ ಕೆನ್ನೆಗೆ ಹೊಡೆದಳು.

"ನನ್ನ ಗಂಡನ್ನ ತಿಂದಿ. ಈಗ ಹೊಳಿಯವ್ವನ ಉಡಿನೂ ಕಸೀತಿ?"

"ನಾ ಬಿಡ್ತೇನ್ರಿ. ನಿಮ್ಮ ಹೆಸರ್ಲೆ ಬಿಡ್ತೇನಿ" ಅಂದ. ಪರಸಪ್ಪನಿಗೆ ಕಣ್ಣಿನಲ್ಲೇ ಹೊರಡು ಎಂದು ಹೇಳಿದ.

ದೋಣಿ ಹೋಯಿತು. ಖಂಡೆಪ್ಪನ ಜೊತೆ ನಾನೂ ಉಳಿದುಕೊಂಡಿದ್ದೆ. ನಮ್ಮಿಬ್ಬರ ಕಾಲ ಕೆಳಗೆ ಗೋಡೆ ಕುಸಿಯುವ ಸದ್ದು ಕೇಳುತ್ತಿತ್ತು. "ಇನ್ನರೆ ಹೇಳಿಬಿಡೋ, ನಿನ್ನ ಕಾಲ್ ಬೀಳ್ತೇನಿ" ಅಂದೆ. ಅವನು ನನ್ನ ಮಾತಿಗೆ ಕಿವಿಗೊಡಲಿಲ್ಲ. ಅವನ ಕಿವಿಯೆಲ್ಲ ಆ ಎಂಜಿನ್ನಿನ ಸದ್ದಿನ ಮೇಲಿತ್ತು. ಸದ್ದು ಒಂದೇ ಸಮ ದೂರವಾಗಿ, ಆಚೆ ದಡದಲ್ಲಿ ನಿಂತಿತು. ರುಕ್ಮವ್ವ ಯಾರ ಕೈಯನ್ನೂ ಹಿಡಿಯದೆ ಇಳಿದು, ಸೀರೆಯ ನೆರಿಗೆ ಹಿಂಡಿಕೊಂಡು, ದಿಬ್ಬ ಹತ್ತಿದಳು.

"ಮುಟ್ಟಿದ್ಲು" ಅಂದ ಖಂಡೆಪ್ಪ.

ಗಂಟು ಬಿಚ್ಚಿ, ಖಣ, ಅಕ್ಕಿ, ಬಳೆಗಳನ್ನು ನೀರಿಗೆ ಬಿಟ್ಟು ಕೈಮುಗಿದ. ಚಂದಪ್ಪ ಸತ್ತ ದಿನದಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಮನುಷ್ಯ, ಮಾಳಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ದೋಣಿ ನಮ್ಮನ್ನು ಕರೆದೊಯ್ಯಲು ತಿರುಗಿ ಬರುವವರೆಗೂ ಅತ್ತ.